ತವರಿಗೆ ಬಂದ ಹಕ್ಕಿ, ಹೊರಗೆ ಕೂತ ಬಾಣಂತಿ

ಕೊಕ್ಕರೆಬೆಳ್ಳೂರು, ಫೆಬ್ರವರಿ ಕೊನೆಯ ವಾರ

ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಡಿಯಿತು. ಹಸಿಮೀನಿನ ವಾಸನೆ, ಅದರ ಜೊತೆಗೆ ಸುಣ್ಣದ ಗೂಡಿನಂಥ ಒಂದು ಘಾಟು. ರುದ್ರಾಕ್ಷಿಪುರದ ಬಳಿ ಹೆದ್ದಾರಿ ಬಿಟ್ಟು ಒಳಗೆ ಬಂದಿದ್ದೆ. ರಂಗನತಿಟ್ಟಿನಲ್ಲಾದರೆ ಹಕ್ಕಿಗಳಿಗೆ ನದಿಯ ನಡುವೆ ಗಡ್ಡೆಗಳಿವೆ, ಮನುಷ್ಯರು ದೋಣಿಯಲ್ಲಿ ಕೂತು ದೂರದಿಂದ ನೋಡಬೇಕು. ಇಲ್ಲಿ ಹಾಗಲ್ಲ. ಮನೆಗಳ ನಡುವಿನ ಹುಣಸೆಮರಗಳೇ ಅವುಗಳ ಬೀಡು. ಒಂದು ಮರದ ತುಂಬ ಹೆಜ್ಜಾರ್ಲೆ, ಪಕ್ಕದ ಮರದ ತುಂಬ ಬಣ್ಣದ ಕೊಕ್ಕರೆ. ಕೆಳಗೆ ಹೆಂಚಿನ ಮಾಡು, ದನದ ಕೊಟ್ಟಿಗೆ, ಒಗೆದು ಹರವಿದ ಸೀರೆ, ಎಲ್ಲದರ ಮೇಲೂ ಬಿಳಿ ಹಿಕ್ಕೆ. ದೊಡ್ಡ ಕೊಕ್ಕರೆಗಳಿಗೆ ಹೇಳಿಕೊಳ್ಳುವಂಥ ದನಿಯಿಲ್ಲ, ಕೊಕ್ಕು ಬಡಿದು ಕಟಕಟ ಸದ್ದು ಮಾಡುತ್ತವೆ. ಮಧ್ಯಾಹ್ನ ಆ ಸದ್ದು ಇಡೀ ಬೀದಿಗೆ ಯಾರೋ ಮಗ್ಗ ಹೂಡಿದಂತೆ ಕೇಳುತ್ತಿತ್ತು.

ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯನ್ನು ಕೇಳಿದೆ, ಇಷ್ಟು ಗಲೀಜು ಮಾಡುತ್ತವಲ್ಲ, ಓಡಿಸಬೇಕು ಅನ್ನಿಸುವುದಿಲ್ಲವಾ ಎಂದು. ಅಜ್ಜಿ ತಲೆಯೆತ್ತಿ ನನ್ನನ್ನು ಒಂದು ಗಳಿಗೆ ನೋಡಿದರು. "ಅವು ನಮ್ಮನೆ ಹೆಣ್‌ಮಕ್ಕಳು ಕಣವ್ವ. ಬಾಣಂತನಕ್ಕೆ ತವರಿಗೆ ಬತ್ತವೆ. ಬಂದ ಮಗಳ್ನ ಬ್ಯಾಡ ಅನ್ನಕ್ಕಾದದಾ?"

ಹಕ್ಕಿ ಬಂದ ವರ್ಷ ಮಳೆಬೆಳೆ ಚೆನ್ನಾಗಿರುತ್ತದೆ ಎಂಬುದೂ ಇವರ ನಂಬಿಕೆ. ಊರು ಮೊದಲು ಶಿಂಷಾ ನದಿಯ ದಡದಲ್ಲಿತ್ತಂತೆ, ಪ್ಲೇಗು ಬಂದಾಗ ಜನ ಇಲ್ಲಿಗೆ ಎದ್ದು ಬಂದರಂತೆ, ಹಿಂದೆಯೇ ಹಕ್ಕಿಗಳೂ ಬಂದವಂತೆ. ಈ ಕತೆಯನ್ನು ನನಗೆ ಮೂರು ಮನೆಯಲ್ಲಿ ಮೂರು ಥರ ಹೇಳಿದರು. ಮೂರರಲ್ಲೂ ಹಕ್ಕಿಗಳು ಜನರನ್ನು ಹುಡುಕಿಕೊಂಡೇ ಬಂದವು.

ಅದೇ ದಿನ, ಸಂಜೆ

ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಯೊಂದನ್ನು ಹತ್ತಿರದಿಂದ ನೋಡಿದೆ. ಮೈಮೇಲೆ ಬಿಳಿ ಹತ್ತಿಯಂಥ ತುಪ್ಪಳು, ಹೊಟ್ಟೆ ಮಾತ್ರ ಬೋಳು. ಕೊಕ್ಕಿನ ಕೆಳಗಿನ ಚೀಲ ಉಸಿರಾಡಿದಾಗಲೆಲ್ಲ ಅದುರುತ್ತಿತ್ತು. ಹತ್ತು ವರ್ಷದ ಹುಡುಗನೊಬ್ಬ ಅದನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೊತ್ತಿಕೊಂಡು ಹೋದ. ಬಿದ್ದ ಮರಿಗಳನ್ನು ಕೂಡಿಟ್ಟು ಮೀನು ತಿನ್ನಿಸಿ ಸಾಕಲು ಇಲ್ಲೊಂದು ಆವರಣವಿದೆ. ಹೆಜ್ಜಾರ್ಲೆ ಬಳಗ ಎಂಬ ಊರಿನ ಗುಂಪು ವರ್ಷಗಳಿಂದ ಈ ಕೆಲಸ ಮಾಡಿಕೊಂಡು ಬಂದಿದೆ. ಕೆಲವು ವರ್ಷಗಳ ಹಿಂದೆ ಜಂತುಹುಳುವಿನ ಬಾಧೆಗೆ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದಾಗ ಊರು ಹೇಗಿತ್ತು ಎಂದು ಆ ಹುಡುಗನ ತಾಯಿ ಹೇಳಿದರು. ಸೂತಕದ ಮನೆ ಇದ್ದಂಗಿತ್ತು ಅಂದರು.

ಸೂತಕ. ಆ ಮಾತನ್ನು ಬರೆದುಕೊಂಡೆ. ಯಾಕೆ ಎಂದು ಆಗ ಗೊತ್ತಿರಲಿಲ್ಲ.

ನಂಬಿಕೆಯ ಫಲ ಏನು ಎಂದು ಕೇಳಿದರೆ ಇಲ್ಲಿ ಬೆರಳು ಮಾಡಿ ತೋರಿಸಬಹುದು. ಅಗೋ ಮರ, ಅಗೋ ಗೂಡು, ಅಗೋ ಮರಿ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಈ ಹಕ್ಕಿಗಳ ವಿಷಯ ಹೊರಜಗತ್ತಿಗೆ ತಿಳಿಸುವ ಹೊತ್ತಿಗೆ ಊರವರು ತಲೆಮಾರುಗಳಿಂದ ಅವುಗಳನ್ನು ಕಾಯ್ದುಕೊಂಡು ಬಂದಿದ್ದರು. ಸಮುದಾಯ ಮೀಸಲು ಪ್ರದೇಶ ಎಂಬ ಹೆಸರು ಬಂದದ್ದು 2007ರಲ್ಲಿ. ಕಾನೂನಿಗೂ ಮೊದಲು ತವರಿನ ಮಾತಿತ್ತು.

ಆದರೆ ಖರ್ಚಿನ ಬಾಬತ್ತನ್ನೂ ಬರೆದಿಡಬೇಕು. ಹಕ್ಕಿ ಕೂತ ಮರದಲ್ಲಿ ಹುಣಸೆ ಬಡಿಯುವಂತಿಲ್ಲ. ಫಸಲು ಹೋದದ್ದಕ್ಕೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತದೆ. ಹಿಕ್ಕೆ ಬಿದ್ದ ಮಣ್ಣನ್ನು ಹೊಲಕ್ಕೆ ಗೊಬ್ಬರ ಮಾಡುತ್ತಾರೆ, ಅದೊಂದು ಲಾಭ. ಮದುವೆಯಾಗಿ ಬಂದು ಎರಡು ವರ್ಷವಾದ ಸೊಸೆಯೊಬ್ಬಳು ನೀರಿನ ಕೊಡ ಇಳಿಸುತ್ತ ಹೇಳಿದ್ದು ಹೀಗೆ: "ಅತ್ತೆಗೆ ಅವು ಹೆಣ್ಮಕ್ಕಳು. ಅಂಗಳ ತೊಳಿಯೋಳು ನಾನು." ಕೋಪದಿಂದ ಹೇಳಲಿಲ್ಲ. ಹಕ್ಕಿ ಬೇಡ ಎಂದೂ ಹೇಳಲಿಲ್ಲ. ಯಾರ ನಂಬಿಕೆ, ಯಾರ ಪೊರಕೆ ಎಂದು ಮಾತ್ರ ಹೇಳಿದಳು.

ಶಿರಾ ಕಡೆಯ ಒಂದು ಹಟ್ಟಿ, ಜೂನ್

ನಂಬಿಕೆಯ ಫಲ ನೋಡಲೆಂದು ಹೊರಟವಳನ್ನು ಇಲ್ಲಿಗೆ ಕರೆದುಕೊಂಡು ಬಂದವಳು ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ, ಹೆಗಲಿಗೆ ಚೀಲ, ಚೀಲದಲ್ಲಿ ತೂಗುವ ಸ್ಪ್ರಿಂಗ್ ತಕ್ಕಡಿ, ಥರ್ಮಾಮೀಟರು, ಒಂದು ನೋಟ್‌ಬುಕ್ಕು. ಹೆರಿಗೆಯಾದ ಮನೆಗೆ ಅವಳು 3ನೇ ದಿನ, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಇವತ್ತು ಇಲ್ಲಿ 7ನೇ ದಿನ.

ದನ ಕುರಿ ಸಾಕುವ ಕಾಡುಗೊಲ್ಲರ ಹಟ್ಟಿ ಊರಿಗೆ ಸ್ವಲ್ಪ ದೂರ ಇರುತ್ತದೆ. ಸುತ್ತ ಹಿಂದೆ ಕಳ್ಳೆಬೇಲಿ ಇದ್ದದ್ದು ಈಗ ಅಲ್ಲಲ್ಲಿ ಮಾತ್ರ ಉಳಿದಿದೆ. ಹಟ್ಟಿ ಅಂದರೆ ಬರೀ ಮನೆಗಳ ಗುಂಪಲ್ಲ, ಅದು ದೇವರ ಜಾಗ. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಎಂದು ಹೆಸರು ಹೇಳುವಾಗ ಮನೆಯ ಹಿರಿಯರ ಹೆಸರು ಹೇಳಿದಷ್ಟೇ ಸಲಿಗೆ, ಅಷ್ಟೇ ಭಯ. ದನ, ಕುರಿ, ಮಕ್ಕಳು, ಮಳೆ ಎಲ್ಲವೂ ಅವರ ಕಾವಲಿನಲ್ಲಿ. ಆ ಕಾವಲಿಗೆ ಸೂತಕ ಆಗದು. ಮುಟ್ಟಾದವಳು, ಹೆತ್ತವಳು ಬೇಲಿಯಾಚೆ ಇರಬೇಕು. ಬಾಣಂತಿ ಎಷ್ಟು ದಿನ ಹೊರಗಿರಬೇಕು ಎಂಬುದು ಹಟ್ಟಿಯಿಂದ ಹಟ್ಟಿಗೆ ಬೇರೆ. ಕೆಲವೆಡೆ ಅದು ತಿಂಗಳುಗಟ್ಟಲೆ.

ಗುಡಿಸಲೊಳಗೆ ನಾನು ಬಗ್ಗಿಯೇ ಹೋಗಬೇಕಾಯಿತು. ನಾಲ್ಕು ಗಳು, ಮೇಲೆ ತೆಂಗಿನ ಗರಿ, ಗರಿಯ ಮೇಲೆ ನೀಲಿ ಟಾರ್ಪಾಲು. ಬಾಗಿಲಿನ ಜಾಗದಲ್ಲಿ ಹಳೆ ಸೀರೆ. ನೆಲಕ್ಕೆ ಗೋಣಿಚೀಲ, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ತಾಯಿ ಮಗು. ಮೂಲೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಬೇವಿನಸೊಪ್ಪು, ಕಬ್ಬಿಣದ ಕುಡುಗೋಲು. ರಾತ್ರಿ ಮಳೆ ಬಂದಿತ್ತು, ನೆಲದ ಒಂದು ಅಂಚು ಇನ್ನೂ ಒದ್ದೆ. ಆಶಾ ಮಗುವಿನ ಕಂಕುಳಲ್ಲಿ ಥರ್ಮಾಮೀಟರು ಇಟ್ಟು ಕಾದಳು. 96.8. ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಕಡೆ ನೋಡಿದಳು. 97.7ಕ್ಕಿಂತ ಕೆಳಗಿಳಿದರೆ ಮಗುವಿಗೆ ಚಳಿ ಹತ್ತುತ್ತಿದೆ ಎಂದು ಅರ್ಥ. ಎಳೆಮಗುವಿನ ಮೈ ಬಿಸಿ ಹಿಡಿದಿಟ್ಟುಕೊಳ್ಳುವುದಿಲ್ಲ, ತಲೆಯಿಂದಲೇ ಬಹಳಷ್ಟು ಹೋಗಿಬಿಡುತ್ತದೆ. ಅವಳು ತಾಯಿಯ ರವಿಕೆಯ ಗುಂಡಿ ಬಿಚ್ಚಿಸಿ, ಮಗುವನ್ನು ಬರಿಮೈಯಲ್ಲಿ ಎದೆಗೊರಗಿಸಿ, ಮೇಲಿಂದ ಸೆರಗು, ಸೆರಗಿನ ಮೇಲೆ ಕಂಬಳಿ ಹೊದಿಸಿದಳು. ತಲೆಗೊಂದು ಟೋಪಿ. ಅರ್ಧ ಗಂಟೆ ಕಳೆದು ಮತ್ತೆ ನೋಡಿದಳು. 97.9.

ಕೊಕ್ಕರೆಬೆಳ್ಳೂರಿನ ಹುಡುಗ ಮರಿಯನ್ನು ಎದೆಗೊತ್ತಿಕೊಂಡು ಹೋದದ್ದು ನೆನಪಾಯಿತು. ಅಲ್ಲಿ ಹಕ್ಕಿ ಮಗಳಾಗಿ ಬಾಣಂತನಕ್ಕೆ ಊರೊಳಗೆ ಬರುತ್ತದೆ. ಇಲ್ಲಿ ಮಗಳು ಬಾಣಂತಿಯಾಗಿ ಊರ ಹೊರಗೆ ಬರುತ್ತಾಳೆ. ಎರಡೂ ನಂಬಿಕೆಯೇ, ಎರಡನ್ನೂ ಹೇಳುವವರು ಬಾಯಿಮಾತಿಗೆ ಹೇಳುತ್ತಿಲ್ಲ.

ಮುಂದುವರಿದು

ಬಾಣಂತಿಗೆ ಇಪ್ಪತ್ತೊಂದು ವರ್ಷ, ಪಿಯುಸಿ ಓದಿದ್ದಾಳೆ. ಯಾರು ಕಳಿಸಿದರು ಇಲ್ಲಿಗೆ ಎಂದು ಕೇಳಿದೆ. "ಯಾರೂ ಕಳಿಸ್ಲಿಲ್ಲ ಅಕ್ಕ, ನಾನೇ ಬಂದೆ" ಅಂದಳು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು. "ಒಳಗೇ ಇದ್ದು ನಾಳೆ ಮಾವನೋರಿಗೆ ಏನಾದ್ರೂ ಆದ್ರೆ? ಒಂದು ಕುರಿ ಸತ್ರೂ ನನ್ ಮುಖಾನೇ ನೋಡ್ತಾರೆ. ಇಲ್ಲಿದ್ರೆ ನೆಮ್ಮದಿ."

ಈ ನೆಮ್ಮದಿಯನ್ನು ಎಲ್ಲಿ ಬರೆಯಲಿ? ಅವಳೇ ಒಪ್ಪಿ ಬಂದಳು ಎಂದು ಬರೆದರೆ ಅದು ನಿಜ. ಒಪ್ಪದೆ ಅವಳಿಗೆ ಬೇರೆ ದಾರಿ ಇರಲಿಲ್ಲ ಎಂದು ಬರೆದರೂ ನಿಜ. ನಂಬಿಕೆಯ ಫಲ ನೋಡಲು ಬಂದವಳು ನಾನು. ಫಲ ಬರೀ ಒದ್ದೆ ನೆಲ, 96.8 ಎಂಬ ಅಂಕಿ ಮಾತ್ರ ಅಂದುಕೊಂಡಿದ್ದೆ. ಕುರಿ ಸತ್ತರೆ ತನ್ನ ಮೇಲೆ ಬರುತ್ತದೆ ಎಂಬ ಲೆಕ್ಕವನ್ನು ಇಪ್ಪತ್ತೊಂದು ವರ್ಷದ ಹುಡುಗಿ ಏಳು ದಿನದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಾಕುತ್ತಾಳಲ್ಲ, ಅದಕ್ಕಿಂತ ದೊಡ್ಡ ಫಲ ಯಾವುದು?

ಆಮೇಲೆ ಅತ್ತೆಯನ್ನು ಕಂಡೆ. ಕಟ್ಟಳೆಯ ಹೆಂಗಸು ಗಟ್ಟಿ ಮನಸ್ಸಿನವಳಾಗಿರುತ್ತಾಳೆ ಎಂದು ಅಂದುಕೊಂಡು ಹೋಗಿದ್ದೆ. ಆಕೆ ಹೆರಿಗೆಯಾದ ದಿನದಿಂದ ಒಂದು ರಾತ್ರಿಯೂ ಮನೆಯೊಳಗೆ ಮಲಗಿಲ್ಲ. ಗುಡಿಸಲಿನಿಂದ ನಾಲ್ಕು ಮಾರು ದೂರದಲ್ಲಿ, ಬಯಲಲ್ಲಿ, ಚಾಪೆ ಹಾಕಿಕೊಂಡು ದೊಣ್ಣೆ ಪಕ್ಕಕ್ಕಿಟ್ಟುಕೊಂಡು ಮಲಗುತ್ತಾಳೆ. ನಾಯಿ ಬಂದಾವು, ಹಾವು ಬಂದೀತು ಎಂದು. ಮಳೆ ಬಂದ ರಾತ್ರಿ ಗೋಣಿಕೊಪ್ಪೆ ಹಾಕಿಕೊಂಡು ಕೂತೇ ಇದ್ದಳಂತೆ. ಒಳಗೆ ಹೋಗಿ ಮೊಮ್ಮಗುವನ್ನು ಎತ್ತಿಕೊಳ್ಳುವಂತಿಲ್ಲ. "ದ್ಯಾವ್ರಿಗೆ ಆಗಾಕಿಲ್ಲ ಕಣವ್ವ. ಏನ್ ಮಾಡಾನ?" ಅಂದಾಗ ಕಣ್ಣು ಗುಡಿಸಲ ಕಡೆಗೇ ಇತ್ತು.

ಆ ದೊಣ್ಣೆಯನ್ನು, ಆ ಗೋಣಿಕೊಪ್ಪೆಯನ್ನು ಮರೆತು ಈ ಹಟ್ಟಿಯ ಬಗ್ಗೆ ತೀರ್ಪು ಕೊಡುವವರನ್ನು ನಾನು ನಂಬಲಾರೆ. ಹಾಗೆಂದು ಅವನ್ನೇ ಮುಂದಿಟ್ಟು ಗುಡಿಸಲನ್ನು ಸಮರ್ಥಿಸುವವರನ್ನೂ ನಂಬಲಾರೆ.

ಹಟ್ಟಿಯಲ್ಲಿ ಬಿದ್ದ ಮಾತುಗಳು, ಬರೆದುಕೊಂಡಂತೆ

ಗಂಡಸರ ಜೊತೆ ಮಾತಾಡಲು ದೇವರ ಗುಡಿಯಾದ ಗುಬ್ಬದ ಆಚೆ ಬೇವಿನಮರದ ಕೆಳಗೆ ಕೂತೆವು. ಇವರನ್ನು ಫಲದ ಬಗ್ಗೆ ಯೋಚಿಸದವರು ಎಂದು ನಾನು ತಿಳಿದಿದ್ದರೆ ಆ ತಿಳಿವಳಿಕೆ ಅಲ್ಲೇ ಬಿದ್ದುಹೋಯಿತು. ಇವರು ಮಾತಾಡಿದ್ದೆಲ್ಲ ಫಲದ ಲೆಕ್ಕವೇ. ಇಂಥ ವರ್ಷ ಇಂಥವನ ಮನೆಯಲ್ಲಿ ಕಟ್ಟಳೆ ತಪ್ಪಿದರು, ಆ ವರ್ಷವೇ ಹಾವು ಕಚ್ಚಿತು. ಇಂಥವಳು ಆಸ್ಪತ್ರೆಯಿಂದ ನೇರ ಮನೆಗೆ ಬಂದಳು, ತಿಂಗಳೊಳಗೆ ಹನ್ನೆರಡು ಕುರಿ ಗಂಟಲು ಕಟ್ಟಿ ಸತ್ತವು. ಹೆಸರು, ವರ್ಷ, ಕುರಿಗಳ ಸಂಖ್ಯೆ, ಎಲ್ಲ ನಾಲಿಗೆಯ ತುದಿಯಲ್ಲಿ.

ಹೊರಗಿಟ್ಟಾಗ ಸತ್ತ ಮಕ್ಕಳು ಇಲ್ಲವೇ ಎಂದು ಕೇಳಿದೆ. ತುಸು ಹೊತ್ತು ಯಾರೂ ಮಾತಾಡಲಿಲ್ಲ. ಒಬ್ಬ ಹಿರಿಯರು "ಅದು ಅದರ ಹಣೆಬರ" ಅಂದರು.

ಒಳಗೆ ಸತ್ತ ಕುರಿಗೆ ಕಾರಣವಿದೆ, ಹೊರಗೆ ಸತ್ತ ಕೂಸಿಗೆ ಹಣೆಬರಹವಿದೆ. ಲೆಕ್ಕ ಬರೆಯುವವರು ಯಾರು ಎಂಬುದರ ಮೇಲೆ ಜಮೆ ಯಾವುದು, ಖರ್ಚು ಯಾವುದು ಎಂಬುದು ನಿಂತಿದೆ. ಇದು ಈ ಹಟ್ಟಿಯೊಂದರ ಗುಣ ಎಂದು ನನಗೆ ಅನ್ನಿಸುವುದಿಲ್ಲ. ನಾನು ಬೆಳೆದ ಮನೆಯಲ್ಲೂ ಹೀಗೇ ಇತ್ತು, ನಾನು ಕೆಲಸ ಮಾಡಿದ ಕಚೇರಿಗಳಲ್ಲೂ ಹೀಗೇ ಇತ್ತು.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಮಳೆಗಾಳಿಯಲ್ಲಿ ಊರ ಹೊರಗಿನ ಗುಡಿಸಲಲ್ಲಿದ್ದ ಬಾಣಂತಿಯ ಕೂಸು ತೀರಿಕೊಂಡಿತ್ತು. ಆಶಾಳಿಗೆ ಆ ದಿನ ಸರಿಯಾಗಿ ನೆನಪಿದೆ. ಅವಳ ವ್ಯಾಪ್ತಿಯ ಹಟ್ಟಿಯಲ್ಲ, ಆದರೂ ಆ ರಾತ್ರಿ ತನ್ನ ನೋಟ್‌ಬುಕ್ಕು ತೆಗೆದು ಹೊರಗಿರುವ ಬಾಣಂತಿಯರ ಹೆಸರನ್ನೆಲ್ಲ ಒಂದು ಸಲ ಓದಿಕೊಂಡಳಂತೆ.

ಮನೆಯಲ್ಲಿ, ರಾತ್ರಿ

ನಮ್ಮ ಅಜ್ಜಿಯ ಬಗ್ಗೆ ಬರೆಯದೆ ಹಟ್ಟಿಯ ಬಗ್ಗೆ ಬರೆದರೆ ಅನ್ಯಾಯವಾಗುತ್ತದೆ.

ತೀರ್ಥಹಳ್ಳಿ ಕಡೆಯ ಮನೆ ನಮ್ಮದು. ಹೊರಗಾದವರಿಗೆ ಹಿತ್ತಿಲ ಕಡೆ ಒಂದು ಕೋಣೆ, ಸೌದೆ ಒಟ್ಟುವ ಜಾಗದ ಪಕ್ಕ. ಬೇರೆ ಚಾಪೆ, ಬೇರೆ ಚೊಂಬು. ಮೇಲಿನಿಂದ ಬಡಿಸುತ್ತಿದ್ದರು. ಕಾಡುಗೊಲ್ಲರ ಗುಡಿಸಲಿನ ಚಿತ್ರ ಪತ್ರಿಕೆಯಲ್ಲಿ ಬಂದಾಗ ಅಯ್ಯೋ ಅನ್ನುವ ಎಷ್ಟೋ ಮನೆಗಳ ಹಿತ್ತಿಲಲ್ಲಿ ಆ ಕೋಣೆ ಇತ್ತು. ಗೋಡೆ ಇತ್ತು, ಹೆಂಚಿತ್ತು, ಹಾಗಾಗಿ ಯಾರೂ ಚಿತ್ರ ತೆಗೆಯಲಿಲ್ಲ.

ಅಜ್ಜಿ ಆ ಮೂರು ದಿನಗಳ ಬಗ್ಗೆ ಒಮ್ಮೆಯೂ ದೂರಲಿಲ್ಲ. ತ್ರಿವೇಣಿಯವರ ಕಾದಂಬರಿಗಳನ್ನೆಲ್ಲ ಅವರು ಓದಿ ಮುಗಿಸಿದ್ದು ಆ ಕೋಣೆಯಲ್ಲೇ. "ತಿಂಗಳಿಗೆ ಮೂರು ದಿನ ನನ್ನನ್ನು ಯಾರೂ ಕರೀತಿರ್ಲಿಲ್ಲ ಮಾರಾಯ್ತಿ" ಅನ್ನುತ್ತಿದ್ದರು. ಹದಿನೆಂಟು ಜನರ ಮನೆ. ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಚಿದರೆ ರಾತ್ರಿ ಹತ್ತಕ್ಕೆ ಕಟ್ಟೆ ಒರೆಸುವುದು. ಆ ಮೂರು ದಿನ ಅಜ್ಜ ಅನ್ನ ಬಸಿಯುತ್ತಿದ್ದರು.

ವಿಶ್ರಾಂತಿಯನ್ನು ಹೊರಗಿಡದೆಯೂ ಕೊಡಬಹುದಲ್ಲ ಎಂದು ಸುಲಭವಾಗಿ ಹೇಳಬಹುದು. ನಾನೂ ಹಾಗೇ ಹೇಳುತ್ತಿದ್ದೆ. ಈಗ ಕೇಳಿಕೊಳ್ಳುತ್ತೇನೆ, ಆ ಮನೆಯಲ್ಲಿ, ಆ ಕಾಲದಲ್ಲಿ, ಹೆಂಗಸಿಗೆ ದಣಿವಾಗಿದೆ ಎಂಬ ಕಾರಣಕ್ಕೆ ಯಾರಾದರೂ ಅನ್ನ ಬಸಿಯುತ್ತಿದ್ದರೆ? ದೇವರ ಅಪ್ಪಣೆ ಇಲ್ಲದೆ ಅಜ್ಜನ ಕೈಗೆ ಸೌಟು ಬರುತ್ತಿರಲಿಲ್ಲ. ನಂಬಿಕೆಯೊಂದು ಒಳ್ಳೆಯದನ್ನು ಕೊಟ್ಟಾಗ ಅದಕ್ಕೆ ಎಷ್ಟು ಬೆಲೆ ತೆಗೆದುಕೊಂಡಿತು ಎಂದು ನೋಡಬೇಕು, ಸರಿ. ಬೇರೆ ಯಾವ ಬಾಗಿಲಿಂದಲೂ ಆ ಒಳ್ಳೆಯದು ಬರುವಂತಿರಲಿಲ್ಲ ಎಂಬುದನ್ನೂ ನೋಡಬೇಕಲ್ಲ. ಇಲ್ಲಿ ನನ್ನ ತಕ್ಕಡಿ ನಿಲ್ಲುವುದೇ ಇಲ್ಲ.

ಆದರೆ ಅದೇ ಕೋಣೆಯಲ್ಲಿ ಚಿಕ್ಕಮ್ಮ ಕೂತಿದ್ದಾಗ ಅವರ ಎರಡು ವರ್ಷದ ಮಗನಿಗೆ ಜ್ವರ ಏರಿತು. ಮಗು ಬಾಗಿಲ ಬಳಿ ನಿಂತು ಅಮ್ಮಾ ಎಂದು ಅಳುತ್ತಿತ್ತು. ಚಿಕ್ಕಮ್ಮ ಕೈ ಚಾಚಲಿಲ್ಲ. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೋಡೆಯ ಕಡೆ ತಿರುಗಿ ಕೂತಿದ್ದರು. ಆಗ ನನಗೆ ಎಂಟು ವರ್ಷ. ಅಜ್ಜಿಯ ಕಾದಂಬರಿ ಓದು ನನಗೆ ಕೇಳಿ ಗೊತ್ತು. ಚಿಕ್ಕಮ್ಮನ ಬೆನ್ನು ನಾನು ಕಣ್ಣಾರೆ ಕಂಡದ್ದು.

ಓದಿದ್ದು

ಕೇಸಪುತ್ತದ ಕಾಲಾಮರು ಬುದ್ಧನ ಬಳಿ ಬಂದು ಕೇಳಿದ್ದು ನಮ್ಮದೇ ಪ್ರಶ್ನೆ. ಊರಿಗೆ ಬರುವ ಒಬ್ಬೊಬ್ಬ ಸಾಧುವೂ ತನ್ನ ಮತವೇ ಸರಿ, ಮಿಕ್ಕವರದು ತಪ್ಪು ಅನ್ನುತ್ತಾನೆ, ಯಾರನ್ನು ನಂಬುವುದು? ಅಂಗುತ್ತರ ನಿಕಾಯದಲ್ಲಿರುವ ಆ ಸುತ್ತದಲ್ಲಿ ಬುದ್ಧ ಕೊಟ್ಟ ಉತ್ತರದ ತಿರುಳು ಇಷ್ಟು: ಪರಂಪರೆಯಿಂದ ಬಂತು ಎಂದಾಗಲಿ, ಗ್ರಂಥದಲ್ಲಿದೆ ಎಂದಾಗಲಿ, ಗುರು ಹೇಳಿದ ಎಂದಾಗಲಿ ಒಪ್ಪಬೇಡಿ. ಕೇಡಿಗೂ ದುಃಖಕ್ಕೂ ಎಳೆಯುತ್ತದೆ ಎಂದು ನೀವೇ ಕಂಡುಕೊಂಡಾಗ ಬಿಡಿ, ಹಿತವಾಗುತ್ತದೆ ಎಂದು ಕಂಡುಕೊಂಡಾಗ ಹಿಡಿಯಿರಿ.

ಇದನ್ನು ಹೇಳುವವರೆಲ್ಲ ಸಾಮಾನ್ಯವಾಗಿ ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ತಿಳಿದವರು ಅದನ್ನು ಹಳಿಯುತ್ತಾರೋ ಮೆಚ್ಚುತ್ತಾರೋ ಎಂಬುದನ್ನೂ ನೋಡಿ ಎಂದು ಅಲ್ಲಿ ಸೇರಿಸಿದೆ. ನನ್ನ ಕಣ್ಣೊಂದೇ ಸಾಲದು, ನನ್ನ ಅನುಭವವೂ ನನ್ನನ್ನು ಮೋಸ ಮಾಡಬಹುದು ಎಂಬ ಎಚ್ಚರ ಅದು. ಬೇವಿನಮರದ ಕೆಳಗಿನ ಹಿರಿಯರು ತಾವು ಕಂಡದ್ದನ್ನೇ ಹೇಳುತ್ತಿದ್ದರು. ಕುರಿ ಸತ್ತದ್ದನ್ನು ಕಣ್ಣಾರೆ ಕಂಡಿದ್ದರು.

ಹಟ್ಟಿಯ ಮಟ್ಟಿಗೆ ಆ ತಿಳಿದವರು ಯಾರು? ನ್ಯಾಯಾಧೀಶರೋ, ಡಾಕ್ಟರೋ, ನಾನೋ? ನನಗೆ ಮತ್ತೆ ಮತ್ತೆ ಕಣ್ಣ ಮುಂದೆ ಬರುವುದು ಗುಲಾಬಿ ಸೀರೆಯ ಹೆಂಗಸು. ಅವಳು ಯಾರ ದೇವರನ್ನೂ ಬೈಯುವುದಿಲ್ಲ. 7ನೇ ದಿನ ಇಷ್ಟು ತೂಕ, 14ನೇ ದಿನ ಇಷ್ಟು ತೂಕ ಎಂದು ಬರೆಯುತ್ತಾಳೆ. ಹಣೆಬರಹದ ಪಾಲಿಗೆ ಹೋಗುತ್ತಿದ್ದ ಕೂಸುಗಳು ಮೊದಲ ಸಲ ಲೆಕ್ಕಕ್ಕೆ ಬಂದದ್ದು ಅವಳ ನೋಟ್‌ಬುಕ್ಕಿನಲ್ಲಿ.

ಇನ್ನೊಂದು. ವಿಲಿಯಂ ಜೇಮ್ಸ್ 1901–02ರಲ್ಲಿ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಧಾರ್ಮಿಕ ಅನುಭವವನ್ನು ಬೇರಿನಿಂದ ಅಳೆಯಬೇಡಿ, ಹಣ್ಣಿನಿಂದ ಅಳೆಯಿರಿ ಎಂಬ ನಿಲುವು ಹಿಡಿದಿದ್ದ. ನಮ್ಮಲ್ಲಿ ಬೇರಿನ ಮಾತೇ ಹೆಚ್ಚು. ಹೊರಗೆ ಕೂರಿಸುವುದಕ್ಕೆ ಹಿಂದೆ ವೈಜ್ಞಾನಿಕ ಕಾರಣವಿತ್ತು, ಸೋಂಕು ತಗುಲಬಾರದೆಂದು ಮಾಡಿದ್ದರು, ವಿಶ್ರಾಂತಿಗೆಂದು ಮಾಡಿದ್ದರು ಎಂದು ಸಭೆಗಳಲ್ಲಿ ಹೇಳುತ್ತಾರೆ. ಇರಬಹುದು. ಯಾವ ಕಾಲದಲ್ಲೋ ಯಾರೋ ಒಳ್ಳೆಯ ಮನಸ್ಸಿನಿಂದ ಮಾಡಿದ್ದರೂ ಇವತ್ತಿನ ಒದ್ದೆ ನೆಲ ಒಣಗುವುದಿಲ್ಲ.

ಹೆದರಿಕೆಯ ಬಗ್ಗೆ

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ವಿರಾಜಪೇಟೆ ಹತ್ತಿರ ಅಂಥ ಒಂದು ಕಾಡಿನಂಚಿನಲ್ಲಿ ನನ್ನ ಜೊತೆಗಿದ್ದವರು ಒಣಗಿ ಬಿದ್ದ ಕಡ್ಡಿಯನ್ನು ಸಹ ದಾಟಿ ಹೋದರು, ಎತ್ತಲಿಲ್ಲ. ಯಾಕೆಂದರೆ ಭಯ. ಸುತ್ತಲೂ ಕಾಫಿ ತೋಟಗಳು ನುಗ್ಗಿ ಬಂದಿವೆ, ನಡುವೆ ಆ ಭಯ ಕಾಯ್ದ ಹತ್ತಾರು ಎಕರೆ ನಿಂತಿದೆ. ಹಟ್ಟಿಯಲ್ಲಿರುವುದೂ ಭಯವೇ. ಭಯ ಕೆಟ್ಟದ್ದು ಎಂದು ಸಾರಾಸಗಟಾಗಿ ಹೇಳಿದರೆ ಕಾಡು ಹೋಗುತ್ತದೆ, ಒಳ್ಳೆಯದು ಎಂದರೆ ಕೂಸು ಹೋಗುತ್ತದೆ. ಕಾಡಿನಲ್ಲಿ ಭಯದ ಬೆಲೆ ಒಂದು ಹೊರೆ ಸೌದೆ, ಅದನ್ನು ತೆರುವವರು ಊರಿನ ಎಲ್ಲರೂ. ಹಟ್ಟಿಯಲ್ಲಿ ಎಲ್ಲರ ಭಯಕ್ಕೂ ಬೆಲೆ ತೆರುವವಳು ಒಬ್ಬಳೇ, ಅದೂ ಅವಳ ಮೈಯಲ್ಲಿ ಶಕ್ತಿ ಎಲ್ಲಕ್ಕಿಂತ ಕಡಿಮೆ ಇರುವ ದಿನಗಳಲ್ಲಿ. ಸದ್ಯಕ್ಕೆ ನನಗೆ ಸಿಕ್ಕಿರುವ ವ್ಯತ್ಯಾಸ ಇಷ್ಟೇ.

ಸಿರಿಯಜ್ಜಿ

ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯ ಸಿರಿಯಜ್ಜಿ. ಅಕ್ಷರ ಕಲಿತವರಲ್ಲ, ಎದೆಯಲ್ಲಿ ಸಾವಿರಾರು ಹಾಡು. ಕೃಷ್ಣಮೂರ್ತಿ ಹನೂರರು ಆ ಹಾಡುಗಳನ್ನು ಸಂಗ್ರಹಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಜುಂಜಪ್ಪನ ಕತೆ, ದನಗಾಹಿಗಳ ಅಲೆದಾಟ, ತವರು, ಮಳೆ, ಹುಲ್ಲು, ಇವನ್ನೆಲ್ಲ ಒಂದು ಹೆಣ್ಣುಜೀವ ಅಷ್ಟು ವರ್ಷ ಹೊತ್ತು ತಿರುಗಿದ್ದು ಇದೇ ಹಟ್ಟಿಯ ಬದುಕಿನಲ್ಲಿ. ಹಾಡು ಬಂದದ್ದೂ ದೇವರಿಂದ, ಗುಡಿಸಲು ಬಂದದ್ದೂ ಅದೇ ದೇವರಿಂದ. ಬದುಕಿನ ರೀತಿಯೊಂದನ್ನು ತೂಗುವಾಗ ಯಾವುದನ್ನು ಎತ್ತಿಟ್ಟು ಯಾವುದನ್ನು ತೂಗುವುದು? ಜೋಳದ ತೆನೆಯಿಂದ ಕಾಡಿಗೆ ರೋಗದ ಕಾಳನ್ನು ಕಿತ್ತು ಮಿಕ್ಕದ್ದನ್ನು ಉಳಿಸಿಕೊಳ್ಳುವ ಹಾಗೆ ಇಲ್ಲಿ ಬೆರಳಿಗೆ ಸಿಗುತ್ತದೆಯೇ?

ಸಿಗುತ್ತದೆ ಎಂದು ಒಂದು ಕಡೆ ಅನ್ನಿಸುತ್ತದೆ. ಹನ್ನೆರಡನೇ ಶತಮಾನದ ಶರಣರು ಐದು ಸೂತಕಗಳನ್ನು ಒಂದೇ ಏಟಿಗೆ ಬೇಡವೆಂದರು. ಹುಟ್ಟಿನ ಸೂತಕ, ಸಾವಿನದು, ಮುಟ್ಟಿನದು, ಎಂಜಲಿನದು, ಜಾತಿಯದು. ದೇವರನ್ನು ಬಿಡಲಿಲ್ಲ, ಲಿಂಗವನ್ನು ಅಂಗೈಗೇ ತಂದುಕೊಂಡರು. ಜಾತಿಯ ಸೂತಕ ಹೋಯಿತೇ ಎಂದರೆ ಉತ್ತರ ಕಷ್ಟ. ಆದರೆ ಮುಟ್ಟಿನ ಸೂತಕದ ವಿಷಯ ಬೇರೆ. ಧಾರವಾಡದಲ್ಲಿ ನನ್ನ ಜೊತೆ ಓದಿದ ಲಿಂಗಾಯತ ಗೆಳತಿಗೆ "ಹೊರಗೆ ಕೂರುವುದು" ಎಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಯಿತು. ಅವಳ ಅಜ್ಜಿಗೂ ಗೊತ್ತಿರಲಿಲ್ಲ. ಮುಟ್ಟಾದ ದಿನವೂ ಅವರು ಲಿಂಗಪೂಜೆ ಮಾಡಿಯೇ ರೊಟ್ಟಿ ಬಡಿಯುತ್ತಿದ್ದರು. ಎಂಟುನೂರು ವರ್ಷಗಳ ಹಿಂದಿನ ಒಂದು ನಿರ್ಧಾರ ಅವಳ ಮನೆಯ ಅಡುಗೆಮನೆಯಲ್ಲಿ ಸದ್ದಿಲ್ಲದೆ ಕೂತಿತ್ತು. ಯಾವ ಕುರಿಯೂ ಸತ್ತಿರಲಿಲ್ಲ.

ಮತ್ತೆ ಹಟ್ಟಿ, ಆಗಸ್ಟ್

ಅಮಾನವೀಯ ಪದ್ಧತಿಗಳ ವಿರುದ್ಧದ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಮುಟ್ಟಾದವರನ್ನು, ಬಾಣಂತಿಯರನ್ನು ಬಲವಂತವಾಗಿ ಊರ ಹೊರಗಿಡುವುದು ಅದರ ಪ್ರಕಾರ ಅಪರಾಧ. ಪೊಲೀಸರು ಬಂದು ಹೋದ ಮೇಲೆ ಗುಡಿಸಲು ಕಾಣುವುದಿಲ್ಲ ಎಂದಳು ಆಶಾ. "ಈಗ ಹೊಲದ ಮನೆ ಅಂತಾರೆ ಅಕ್ಕ. ನಂಗೆ ಇನ್ನೂ ಒಂದು ಮೈಲಿ ನಡಿಗೆ ಜಾಸ್ತಿ ಆಯ್ತು, ಅಷ್ಟೇ." ಕಾಯ್ದೆ ಬೇಡ ಎಂದು ಅವಳು ಹೇಳುತ್ತಿಲ್ಲ. ಕಾಯ್ದೆ ಇದೆ ಎಂಬ ಧೈರ್ಯದಿಂದಲೇ ಒಬ್ಬ ಹುಡುಗಿ ಕಳೆದ ವರ್ಷ ಮನೆಯೊಳಗೇ ಉಳಿದಳಂತೆ.

ಗೊಲ್ಲರಹಟ್ಟಿಗಳಲ್ಲಿ ಸರ್ಕಾರ ಕಟ್ಟಿಸಿದ ಕೃಷ್ಣ ಕುಟೀರಗಳ ಬಗ್ಗೆ ನಾನು ಇನ್ನೂ ಗೊಂದಲದಲ್ಲಿದ್ದೇನೆ. ಹೊರಗೆ ಕೂರುವವರಿಗೆಂದೇ ಸಿಮೆಂಟಿನ ಕಟ್ಟಡ, ಶೌಚಾಲಯ. ಮೊದಲು ಕೇಳಿದಾಗ ಸಿಟ್ಟು ಬಂದಿತ್ತು. ಅಪರಾಧ ಅನ್ನುವ ಸರ್ಕಾರವೇ ಅದಕ್ಕೆ ಸೂರು ಕಟ್ಟಿಕೊಡುವುದೇ ಎಂದು. ಆ ಒದ್ದೆ ನೆಲ ನೋಡಿದ ಮೇಲೆ ಸಿಟ್ಟು ಇಳಿಯಿತು, ಪ್ರಶ್ನೆ ಇಳಿಯಲಿಲ್ಲ. ಈ ವಾರ ಹುಟ್ಟುವ ಕೂಸಿಗೆ ಸೂರು ಬೇಕು. ಇನ್ನು ಇಪ್ಪತ್ತು ವರ್ಷಕ್ಕೆ ಹುಟ್ಟುವ ಕೂಸಿಗೆ ಆ ಕಟ್ಟಡವೇ ಇರಬಾರದು. ಎರಡು ಕೂಸುಗಳ ಹಿತ ಒಂದನ್ನೊಂದು ತಳ್ಳುತ್ತಿದೆ. ನನ್ನನ್ನು ಕೇಳಿದರೆ ಈ ವಾರದ ಕೂಸಿನ ಕಡೆಗೇ ಹೋಗುತ್ತೇನೆ. ಹೋಗುತ್ತ ತಿರುಗಿ ತಿರುಗಿ ನೋಡುತ್ತೇನೆ.

ಜೂನಿನಲ್ಲಿ ನೋಡಿದ ಕೂಸಿನ ತೂಕ 42ನೇ ದಿನ ಮೂರೂವರೆ ಕಿಲೋ ದಾಟಿತ್ತಂತೆ. ಅತ್ತೆ ದೊಣ್ಣೆ ಒಳಗಿಟ್ಟಿದ್ದಾಳೆ.

ಅಕ್ಟೋಬರ್, ಫೋನಿನಲ್ಲಿ

ಆಶಾ ಮಾಡಿದ್ದಳು. ಅದೇ ಮನೆಯಲ್ಲಿ, ಎರಡನೇ ಸೊಸೆಗೆ ಹೆರಿಗೆ. ಆಸ್ಪತ್ರೆಯಿಂದ ಬಂದ ರಾತ್ರಿ ಜಡಿಮಳೆ. ಗುಡಿಸಲಿಗೆ ಹಾಕಿದ್ದ ಟಾರ್ಪಾಲು ಗಾಳಿಗೆ ಹಾರಿಹೋಯಿತು. ಅತ್ತೆ ಯಾರನ್ನೂ ಕೇಳಲಿಲ್ಲವಂತೆ. ತಾಯಿ ಮಗು ಇಬ್ಬರನ್ನೂ ಕರೆತಂದು ಮನೆಯ ಜಗುಲಿಯ ಮೇಲೆ, ಗೋಡೆಯ ಮರೆಗೆ ಕೂರಿಸಿ, ಅಡ್ಡಕ್ಕೆ ಕಂಬಳಿ ಕಟ್ಟಿದಳು. ಗಂಡ ಕೂಗಾಡಿದಾಗ "ಮಳೆ ನಿಲ್ಲಲಿ, ಆಮ್ಯಾಕೆ ನೋಡಾನ" ಅಂದಳು. ದೇವರ ಮುಂದೆ ಮುಡುಪು ಕಟ್ಟಿಟ್ಟಳು.

ಮಳೆ ನಿಂತು ಮೂರು ದಿನವಾಗಿದೆ. ಹೊಸ ಗುಡಿಸಲು ಇನ್ನೂ ಹಾಕಿಲ್ಲ. ಹಟ್ಟಿಯವರು ದಾರಿಯಲ್ಲಿ ಹೋಗುವಾಗ ಜಗುಲಿಯ ಕಡೆ ನೋಡುತ್ತಾರೆ, ಆಮೇಲೆ ಕುರಿರೊಪ್ಪದ ಕಡೆ ನೋಡುತ್ತಾರೆ.

"ಇವತ್ತು 7ನೇ ದಿನ ಅಂತ ಹೋಗಿದ್ದೆ ಅಕ್ಕ. ಮಗು ಬೆಚ್ಚಗಿದೆ, 98.1. ನಾನು ಬರ್ಕೊಳ್ತಿದ್ರೆ ಆಯಮ್ಮನೂ ಪಕ್ಕದಲ್ಲೇ ಕೂತು ಬೆರಳು ಮಡಚ್ತಾ ಇತ್ತು. ಏನಮ್ಮ ಎಣಿಸ್ತಿದೀಯ ಅಂದೆ. ಏಳು ದಿನ ಆಯ್ತು, ಕುರಿ ಎಲ್ಲ ಚೆನ್ನಾಗವೆ, ನಿಮ್ಮಾವನೂ ಉಣ್ತಾ ಅವ್ನೆ ಅಂತು."

ಮುಂದಿನ ಭೇಟಿ 14ನೇ ದಿನಕ್ಕೆ.